ನಿಮ್ಮ ಮೊದಲ ಗಾಡಿ ಯಾವುದು?

ಹೋದ ವಾರ ಬ್ಯಾಂಕಿನ ವೆಬ್‌ಸೈಟಿನ ಪಾಸ್‌ವರ್ಡ್ ಮರೆತು ಪೇಚಿಗೆ ಸಿಕ್ಕಿಕೊಂಡಿದ್ದೆ. ಹೊಸ ಪಾಸ್‌ವರ್ಡ್ ಬೇಕಾದರೆ ಒಂದು ಗುಟ್ಟಿನ ಪ್ರಶ್ನೆಗೆ ಉತ್ತರ ಕೊಡಬೇಕು. ಪ್ರಶ್ನೆ: "ನಿಮ್ಮ ಮೊದಲ ವಾಹನ ಯಾವುದು?" ಕಾಲೇಜಿನಲ್ಲಿ ಅಕೌಂಟ್ ಮಾಡಿಸಿದಾಗ ನಾನೇ ಉತ್ತರ ಕೊಟ್ಟಿದ್ದೆನಂತೆ. ಸ್ಪ್ಲೆಂಡರ್ ಅಂತ ಹಾಕಿದೆ. ತಪ್ಪು ಅಂದಿತು. ಆರ್‌ಎಕ್ಸ್ ಅಂತ ಹಾಕಿದೆ. ಅದೂ ತಪ್ಪು. ಇನ್ನೊಂದೇ ಸಲ, ಆಮೇಲೆ ಅಕೌಂಟ್ ಲಾಕ್ ಅಂತ ಕೆಂಪಕ್ಷರದಲ್ಲಿ ಹೆದರಿಸಿತು.

ದಿನವಿಡೀ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕೋ ನನಗೆ ನನ್ನದೇ ಉತ್ತರ ಗೊತ್ತಿಲ್ಲ! ಎದ್ದು ಹೋಗಿ ಒಂದು ಕಾಫಿ ಕುಡಿದು ಬಂದೆ. ಆಮೇಲೆ ಏನೋ ಹೊಳೆದು "ಯೆಜ್ಡಿ" ಅಂತ ಟೈಪಿಸಿದೆ. ಬಾಗಿಲು ತೆರೆಯಿತು :)

ತಮಾಷೆ ಅಂದರೆ ಯೆಜ್ಡಿ ನನ್ನದಾಗಿರಲೇ ಇಲ್ಲ. ಅದು ಅಪ್ಪನದು. ಅಪ್ಪ ಅದನ್ನು ಮಾರಿದಾಗ ನನಗೆ ಆರು ವರ್ಷ. ಆದರೂ ಹದಿನೆಂಟರ ವಯಸ್ಸಿನ ನಾನು ಅದನ್ನೇ ಮೊದಲ ಗಾಡಿ ಅಂತ ಬರೆದಿಟ್ಟಿದ್ದೇನೆ. ಅವತ್ತಿನಿಂದ ತಲೆಯಲ್ಲಿ ಬರೀ ಗಾಡಿಗಳೇ ಓಡ್ತಾ ಇವೆ. ಇಳಿಸಿಬಿಡೋಣ ಅಂತ ಬರೆಯಲು ಕೂತೆ.

ಅಪ್ಪನ ಯೆಜ್ಡಿ ರೋಡ್‌ಕಿಂಗ್. ಸೆಕೆಂಡ್ ಹ್ಯಾಂಡ್, ಮದುವೆಗೆ ಮೊದಲೇ ತಗೊಂಡಿದ್ದು. ಸಾಗರದ ಪೇಟೆಯಿಂದ ನಮ್ಮ ಮನೆಗೆ ಹನ್ನೊಂದು ಕಿಲೋಮೀಟರ್, ಅದರಲ್ಲಿ ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಗಾಡಿ ಡಾಂಬರು ಬಿಟ್ಟು ಮಣ್ಣಿಗೆ ಇಳಿಯುವಾಗಲೇ ಮನೆಗೆ ಶಬ್ದ ಕೇಳುತ್ತಿತ್ತು. ಅಮ್ಮ ಆಗ ಒಲೆ ಮೇಲೆ ಚಾ ಇಟ್ಟರೆ ಅಪ್ಪ ಅಂಗಳಕ್ಕೆ ಬರುವ ಹೊತ್ತಿಗೆ ಕುದಿ ಬಂದಿರುತ್ತಿತ್ತು. ನಾನು ಕೂರುತ್ತಿದ್ದದ್ದು ಪೆಟ್ರೋಲ್ ಟ್ಯಾಂಕಿನ ಮೇಲೆ. ಬಿಸಿಲಲ್ಲಿ ನಿಂತಿದ್ದ ಗಾಡಿಯ ಟ್ಯಾಂಕ್ ಮೇಲೆ ಚಡ್ಡಿ ಹಾಕಿಕೊಂಡು ಕೂತವರಿಗೆ ಮಾತ್ರ ಅದರ ಸುಖ ಗೊತ್ತು!

ಯೆಜ್ಡಿಯ ಎಲ್ಲಕ್ಕಿಂತ ದೊಡ್ಡ ಸೋಜಿಗ ಅದರ ಕಿಕ್ಕರ್. ಅದಕ್ಕೆ ಗೇರಿಗೊಂದು, ಕಿಕ್ಕಿಗೊಂದು ಅಂತ ಎರಡು ಲಿವರ್ ಇಲ್ಲ. ಎಡಗಡೆ ಇರೋದು ಒಂದೇ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಗಾಡಿ ಸ್ಟಾರ್ಟ್ ಆದ ಮೇಲೆ ಮತ್ತೆ ಮುಂದಕ್ಕೆ ಇಳಿಸಿದರೆ ಅದೇ ಗೇರು. ಅಪ್ಪ ಇದನ್ನು ಎಷ್ಟು ಸಲೀಸಾಗಿ ಮಾಡುತ್ತಿದ್ದ ಅಂದರೆ ನಾನು ಬಹಳ ದಿನ ಅಪ್ಪನಿಗೆ ಮಾತ್ರ ಬರುವ ವಿದ್ಯೆ ಅದು ಅಂತ ನಂಬಿದ್ದೆ.

ಆ ಗಾಡಿ ಮೈಸೂರಿನದು ಅನ್ನೋದು ಅಪ್ಪನಿಗೆ ಒಂದು ಹೆಮ್ಮೆ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1960ರ ದಶಕದ ಆರಂಭದಲ್ಲಿ. ಆಗಿನ ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಲೈಸೆನ್ಸಿನಲ್ಲಿ ಮೊದಲು ಜಾವಾ ಅಂತ, 1973ರಿಂದ ಯೆಜ್ಡಿ ಅಂತ ಗಾಡಿ ಮಾಡಿದರು. ಒಂದು ಕಡೆ ಪೆಟ್ರೋಲ್ ಕಡಿಮೆ ಕುಡಿಯುವ ಜಪಾನಿ ತಂತ್ರದ ನೂರು ಸಿಸಿ ಗಾಡಿಗಳು ಬಂದವು, ಇನ್ನೊಂದು ಕಡೆ ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಾನು ಹುಟ್ಟಿದ್ದು ಅದರ ಮಾರನೇ ವರ್ಷ. ಹಾಗಾಗಿ ನನ್ನ ನೆನಪಿನಲ್ಲಿ ಅಪ್ಪ ಯಾವಾಗಲೂ ಯೆಜ್ಡಿಯ ಸಾಮಾನು ಹುಡುಕುತ್ತಲೇ ಇದ್ದಾನೆ. ಶಿವಮೊಗ್ಗಕ್ಕೆ ಮದುವೆಗೆ ಹೋದರೂ ಜೇಬಲ್ಲಿ ಕಾಗದದಲ್ಲಿ ಸುತ್ತಿದ ಸವೆದ ಕ್ಲಚ್ ಪ್ಲೇಟ್ ಇರುತ್ತಿತ್ತು, ಅಂಗಡಿಯಲ್ಲಿ ತೋರಿಸಿ ಕೇಳೋಕೆ.

2003ರಲ್ಲಿ ಸಾಕಾಗಿ ಸಾಗರದ ಒಬ್ಬ ಗ್ಯಾರೇಜಿನವನಿಗೇ ಮಾರಿಬಿಟ್ಟ. ಬಸ್ಸಲ್ಲಿ ಮನೆಗೆ ಬಂದು, ದುಡ್ಡು ಅಮ್ಮನ ಕೈಗೆ ಕೊಟ್ಟು, "ಇನ್ನು ಪೆಟ್ರೋಲ್ ಖರ್ಚಿಲ್ಲ" ಅಂದ. ಅಷ್ಟೇ. ಅಪ್ಪ ಮಾತು ಕಡಿಮೆಯ ಮನುಷ್ಯ. ಇದನ್ನು ಈಗಲೇ ಹೇಳಿಟ್ಟಿರ್ತೀನಿ, ಮುಂದೆ ಬೇಕಾಗುತ್ತೆ.

(ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಹೊಸ ಕಂಪನಿಯ ಕೈಯಲ್ಲಿ ವಾಪಸ್ ಬಂದವು. ಅವು ಫೋರ್ ಸ್ಟ್ರೋಕ್, ನೀರಿನಿಂದ ತಣಿಯೋ ಎಂಜಿನ್ನಿನ ಗಾಡಿಗಳು. ಚೆನ್ನಾಗಿಯೇ ಇವೆ. ಆದರೆ ಆ ಶಬ್ದಕ್ಕೆ ಚಾ ಇಡೋಕೆ ಆಗಲ್ಲ ಬಿಡಿ.)

ಮೂರು ವರ್ಷ ಮನೆಯಲ್ಲಿ ಗಾಡಿಯೇ ಇರಲಿಲ್ಲ. 2006ರ ಅಕ್ಟೋಬರಿನಲ್ಲಿ ಅಪ್ಪ ಹೊಸ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್ ತಂದ. ಕೆಂಪು ಬಣ್ಣ. ನಮ್ಮ ಮನೆಯಲ್ಲಿ ಯಾರೂ ಮೊದಲು ಬಳಸದೇ ಇದ್ದ ವಸ್ತುವೊಂದು ಮನೆಗೆ ಬಂದದ್ದು ಅದೇ ಮೊದಲಿರಬೇಕು. ಸೀಟಿನ ಪ್ಲಾಸ್ಟಿಕ್ ಕವರನ್ನು ಆರು ತಿಂಗಳು ತೆಗೆಯಲಿಲ್ಲ. ಮಳೆಗಾಲ ಬಂದು ಅದರೊಳಗೆ ನೀರು ಸೇರಿ ಹಸಿರು ಪಾಚಿ ಕಟ್ಟಿದ ಮೇಲೆ ಅಮ್ಮ ಕಿತ್ತೆಸೆದಳು.

ಸ್ಪ್ಲೆಂಡರ್ ಬಗ್ಗೆ ಯಾರೂ ಕವಿತೆ ಬರೆಯಲ್ಲ. 97.2 ಸಿಸಿ, ನಾಲ್ಕು ಗೇರು, ನೋಡೋಕೆ ಪೋಸ್ಟ್‌ಮ್ಯಾನ್ ತರಹ. ಬುಲೆಟ್ಟಿನವರು, ಆರ್‌ಎಕ್ಸಿನವರು ಅದನ್ನು ಗಾಡಿ ಅಂತಲೇ ಲೆಕ್ಕಕ್ಕೆ ಹಿಡಿಯಲ್ಲ. ಆದರೆ ನಮ್ಮ ಕಡೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಅಡಿಕೆ ಚೀಲ, ಗರ್ಭಿಣಿಯರು, ಗಣಪತಿ ಎಲ್ಲ ಓಡಾಡಿದ್ದು ಅದರ ಮೇಲೆಯೇ. ನಮ್ಮ ಸ್ಪ್ಲೆಂಡರ್ ಲೀಟರಿಗೆ ಎಪ್ಪತ್ತು ಕಿಲೋಮೀಟರಿನ ಹತ್ತಿರ ಕೊಡುತ್ತಿತ್ತು. ಯೆಜ್ಡಿಗೆ ಹಾಕುತ್ತಿದ್ದ ಪೆಟ್ರೋಲಿನ ದುಡ್ಡಿನಲ್ಲಿ ಇದರ ಕಂತು ಕಟ್ಟಬಹುದಿತ್ತು ಅಂತ ಅಮ್ಮ ಲೆಕ್ಕ ಹಾಕುತ್ತಿದ್ದಳು.

ಇದರಲ್ಲೇ ನಾನು ಕಲಿತದ್ದು. ಹದಿನೈದು ವರ್ಷಕ್ಕೆ. ತಪ್ಪು ಅಂತ ಗೊತ್ತು, ಆದರೆ ರಸ್ತೆಯಲ್ಲಲ್ಲ, ಕೊಯ್ಲಾದ ಗದ್ದೆ ಬಯಲಿನಲ್ಲಿ. ಅಪ್ಪ ಹಿಂದೆ ಕೂರಲಿಲ್ಲ, ಗದ್ದೆಯ ಅಂಚಿನ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದ. ಸ್ಪ್ಲೆಂಡರಿನ ನಾಲ್ಕೂ ಗೇರು ಮುಂಗಾಲಲ್ಲಿ ಕೆಳಕ್ಕೆ ಒತ್ತೋದು, ಇಳಿಸಬೇಕಾದರೆ ಹಿಮ್ಮಡಿಯಲ್ಲಿ ಒತ್ತೋದು. ನಾನು ಪ್ರತಿ ಸಲವೂ ತಲೆ ಬಗ್ಗಿಸಿ ಕಾಲು ಎಲ್ಲಿದೆ ಅಂತ ನೋಡುತ್ತಿದ್ದೆ, ಗಾಡಿ ಬದುವಿಗೆ ಹೋಗಿ ಗುದ್ದುತ್ತಿತ್ತು. ಅಪ್ಪ ಕೂತಲ್ಲಿಂದಲೇ ಕೂಗಿ ಹೇಳಿದ್ದು ಒಂದೇ ಪಾಠ: "ಗೇರು ಕಣ್ಣಲ್ಲಿ ಹಾಕೋದಲ್ಲ ತಮಾ, ಕಾಲಲ್ಲಿ ಹಾಕೋದು. ಕಾಲಿಗೇ ಗೊತ್ತಾಗ್ಬೇಕು."

2015ರಲ್ಲಿ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಹೊರಡುವ ಹಿಂದಿನ ದಿನ ಸಂಜೆ ಅಪ್ಪ ಗಾಡಿಯ ಕೀ ತಂದು ನನ್ನ ಬ್ಯಾಗಿನ ಮೇಲಿಟ್ಟ. "ಬೈಕ್ ನೀನೇ ಇಟ್ಕೋ. ಅಲ್ಲಿ ಬೇಕಾಗ್ತದೆ. ನಂಗೆ ಬಸ್ ಇದೆಯಲ್ಲ."

ನನಗೆ ಆಕಾಶಕ್ಕೆ ಮೂರೇ ಗೇಣು. ಕ್ಲಾಸಿನಲ್ಲಿ ಎಷ್ಟು ಜನರಿಗೆ ಮೊದಲ ಸೆಮಿಸ್ಟರಿನಲ್ಲೇ ಗಾಡಿ ಇತ್ತು? ಅಪ್ಪ ಬದಲಾಗಿದ್ದಾನೆ, ಮಗ ದೊಡ್ಡವನಾದ ಅಂತ ಕೊಟ್ಟಿದ್ದಾನೆ ಅಂದುಕೊಂಡೆ. ಅಮ್ಮ ಒಳಗಿಂದ ಏನೋ ಹೇಳೋಕೆ ಬಂದವಳು ಸುಮ್ಮನೆ ವಾಪಸ್ ಹೋದಳು. ಅದನ್ನು ನಾನು ಗಮನಿಸಿದ್ದೆ, ಆದರೆ ಏನು ಅಂತ ಕೇಳಲಿಲ್ಲ. ಕೀ ಸಿಕ್ಕಿತ್ತಲ್ಲ.

ಆಮೇಲೆ ನಾನು ಆ ಗಾಡಿಗೆ ಮಾಡಿದ್ದನ್ನು ಇಲ್ಲಿ ಬರೆಯೋಕೆ ಈಗಲೂ ನಾಚಿಕೆಯಾಗುತ್ತೆ. ಕೆಂಪು ಬಣ್ಣದ ಮೇಲೆ ಮ್ಯಾಟ್ ಕಪ್ಪು ಸ್ಪ್ರೇ ಹೊಡೆಸಿದೆ. ಹ್ಯಾಂಡಲ್ ಬದಲಾಯಿಸಿದೆ. ಹಿಂದಿನ ಕ್ಯಾರಿಯರ್ ತೆಗೆಸಿದೆ. ಮತ್ತೆ ಸೀರೆ ಗಾರ್ಡ್... ಹಿಂದಿನ ಚಕ್ರಕ್ಕೆ ಎಡಗಡೆ ಇರುತ್ತಲ್ಲ, ಕಂಬಿಯ ಜಾಲರಿ, ಕೆಳಗೆ ಹೆಂಗಸರು ಎರಡೂ ಕಾಲಿಡೋಕೆ ಒಂದು ತಟ್ಟೆ? ಅದನ್ನು ಬಿಚ್ಚೋಕೆ ಬೋಲ್ಟು ತುಕ್ಕು ಹಿಡಿದಿತ್ತು. ಗ್ಯಾರೇಜಿನ ಹುಡುಗ ಕಟ್ಟರ್ ಹಾಕಿ ಕೊಯ್ದು ಎಸೆದ. "ಈಗ ಗಾಡಿ ಲುಕ್ ಬಂತು ಅಣ್ಣ" ಅಂದ. ನನಗೂ ಹೌದು ಅನ್ನಿಸಿತು.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದ. ಏನೂ ಹೇಳಲಿಲ್ಲ. ಅಮ್ಮ ಮಾತ್ರ, "ಇನ್ನು ನಾನು ಕೂರೋದು ಹೆಂಗೋ ಇದ್ರ ಮೇಲೆ?" ಅಂದಳು. ಒಂದೇ ಕಡೆ ಕಾಲು ಹಾಕಿ ಕೂರುವ ಅಮ್ಮನಿಗೆ ಕಾಲಿಡೋಕೆ ಜಾಗವೇ ಇರಲಿಲ್ಲ. "ಎರಡೂ ಕಡೆ ಕಾಲು ಹಾಕ್ಕೊಂಡು ಕೂರಮ್ಮ, ಎಲ್ಲರೂ ಹಂಗೇ ಕೂರ್ತಾರೆ ಈಗ" ಅಂದೆ. ಸೀರೆಯಲ್ಲಿ ಹೇಗೆ ಅಂತ ಯೋಚಿಸುವಷ್ಟು ತಲೆ ಇರಲಿಲ್ಲ. ಅವಳು ಆಮೇಲೆ ಆ ಗಾಡಿ ಹತ್ತಲಿಲ್ಲ.

2018ರಲ್ಲಿ ಸ್ಪ್ಲೆಂಡರ್ ಬೇಜಾರು ಬಂತು. ಯಾಕೆಂದರೆ ಆರ್‌ಎಕ್ಸ್ 100 ಸಿಕ್ಕಿತ್ತು!

ನನ್ನ ರೂಮ್‌ಮೇಟ್ ಗದಗದವ. ಅವನ ಸೋದರಮಾವನ ಗೆಳೆಯರೊಬ್ಬರ ಹತ್ತಿರ ಒಂದು 1995ರ ಆರ್‌ಎಕ್ಸ್ ಧೂಳು ತಿನ್ನುತ್ತಿತ್ತು. ಇಬ್ಬರೂ ಅರ್ಧರ್ಧ ದುಡ್ಡು ಹಾಕಿ ತಗೊಂಡೆವು. ಗಾಡಿ ನಮಗಿಬ್ಬರಿಗಿಂತ ಎರಡು ವರ್ಷ ದೊಡ್ಡದು. ಯಮಹಾ ಆರ್‌ಎಕ್ಸ್ 100 ಭಾರತಕ್ಕೆ ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ನಮ್ಮ ಸ್ಪ್ಲೆಂಡರಿನಷ್ಟೇ ಸಿಸಿ, ಆದರೆ ಶಕ್ತಿ ಹನ್ನೊಂದು ಕುದುರೆಯದು, ತೂಕ ನೂರು ಕಿಲೋ ಆಸುಪಾಸು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಪ್ರತಿ ಸುತ್ತು ತಿರುಗಿದಾಗಲೂ ಒಂದು ಸಲ ಉರಿ. ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಂದು ಸಲ. ಅದಕ್ಕೇ ಅದು ಹಗ್ಗ ಬಿಚ್ಚಿದ ಕರು ತರಹ ನೆಗೆಯೋದು. ಆದರೆ ಒಳಗೆ ಬಂದ ಹೊಸ ಪೆಟ್ರೋಲಿನಲ್ಲಿ ಸ್ವಲ್ಪ ಉರಿಯದೇ ಸೈಲೆನ್ಸರಿನಿಂದ ಹೊರಟು ಹೋಗುತ್ತೆ, ಜೊತೆಗೆ ಆಯಿಲ್ ಬೇರೆ ಉರಿಯುತ್ತೆ. ಆ ನೀಲಿ ಹೊಗೆ, ಆ ವಾಸನೆ! ಹೊಗೆಯ ನಿಯಮಗಳು ಅದನ್ನು ಮುಗಿಸಿದ್ದು ಸರಿಯೇ. ಆದರೂ ಈಗಲೂ ರಸ್ತೆಯಲ್ಲಿ ಆ ವಾಸನೆ ಬಂದರೆ ತಲೆ ತಿರುಗಿಸಿ ನೋಡ್ತೀನಿ.

"ಲೇ, ಇದು ಗಾಡಿ ಅಲ್ಲಲೇ, ರಾಕೆಟ್ ಐತಿ" ಅಂತ ಗದಗದವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಸಮ ದಿನಾಂಕ ಅವನದು, ಬೆಸ ದಿನಾಂಕ ನನ್ನದು. ಮೂವತ್ತೊಂದು ದಿನದ ತಿಂಗಳು ಬಂದರೆ ನನಗೆ ಒಂದು ದಿನ ಜಾಸ್ತಿ ಅಂತ ಅವನ ತಕರಾರು.

ಒಂದು ಭಾನುವಾರ ಇಬ್ಬರೂ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟೆವು. ಗಾಜನೂರು, ಸಕ್ರೆಬೈಲು ದಾಟಿ ತುಂಗಾ ನದಿಯ ಪಕ್ಕಕ್ಕೇ ಹೋಗುವ ಆ ರಸ್ತೆ ಆರ್‌ಎಕ್ಸಿಗೆ ಅಂತಲೇ ಮಾಡಿದಂತಿದೆ. ಮಂಡಗದ್ದೆ ಇನ್ನೇನು ಬಂತು ಅನ್ನುವಾಗ ಎಂಜಿನ್ ಶಬ್ದ ಒಮ್ಮೆ ತೆಳುವಾಯಿತು, ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಹಾವಿನ ಹಾಗೆ ಹೊರಳಿತು. ಯಾವ ಪುಣ್ಯವೋ, ಕೈ ತಾನಾಗೇ ಕ್ಲಚ್ ಹಿಡಿಯಿತು. ಹಿಂದೆ ಲಾರಿ ಇರಲಿಲ್ಲ, ಅಷ್ಟೇ. ಇದ್ದಿದ್ದರೆ ಇದನ್ನೆಲ್ಲ ಬರೆಯೋಕೆ ನಾನಿರುತ್ತಿರಲಿಲ್ಲ. ಪಿಸ್ಟನ್ ಸೀಜ್. ಆಯಿಲ್ ಖಾಲಿ. ಹಾಕಿದ್ದೀಯಾ ಅಂದರೆ ಅವನು "ಇವತ್ತು ಬೆಸ ತಾರೀಕು, ನಿಂದು ಪಾಳಿ" ಅಂದ. ನಾನು ಆಯಿಲ್ ನೋಡೋದು ಸಮ ತಾರೀಕಿನವನ ಕೆಲಸ ಅಂದುಕೊಂಡಿದ್ದೆ. ಹೊಳೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಗಲಾಟೆ ಮಾಡುತ್ತಿದ್ದವು, ನಾವು ರಸ್ತೆ ಬದಿ ಕೂತು ಅದಕ್ಕಿಂತ ಹೆಚ್ಚು ಗಲಾಟೆ ಮಾಡಿಕೊಂಡೆವು. ಆಮೇಲೆ ಇಬ್ಬರಿಗೂ ಕೈಕಾಲು ನಡುಗೋಕೆ ಶುರುವಾಯಿತು. ಒಂದು ಗೂಡ್ಸ್ ಗಾಡಿಯಲ್ಲಿ ಆರ್‌ಎಕ್ಸನ್ನು ಮಲಗಿಸಿಕೊಂಡು ವಾಪಸ್ ಬಂದೆವು. ರಿಪೇರಿ ಮಾಡಿಸಿ 2019ರಲ್ಲಿ ಕಾಲೇಜು ಮುಗಿದಾಗ ಮಾರಿದೆವು. ಈಗ ಅದೇ ಗಾಡಿಗಳಿಗೆ ಜನ ಕೇಳೋ ರೇಟು ನೋಡಿದರೆ ಹೊಟ್ಟೆ ಉರಿಯುತ್ತೆ.

ಆರ್‌ಎಕ್ಸ್ ಬಂದಾಗ ಸ್ಪ್ಲೆಂಡರನ್ನು ಊರಿಗೆ ಬಿಟ್ಟು ಬಂದಿದ್ದೆ. "ಅಪ್ಪ, ನಿನ್ ಗಾಡಿ ನಿಂಗೆ ವಾಪಸ್" ಅಂತ ದೊಡ್ಡ ಉಪಕಾರ ಮಾಡಿದವನ ಹಾಗೆ ಕೀ ಕೊಟ್ಟೆ. ಅಪ್ಪ ಅದನ್ನು ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ನಿಲ್ಲಿಸಿ, ಅಡಿಕೆ ಒಣಗಿಸುವ ಟಾರ್ಪಾಲು ಮುಚ್ಚಿದ. ಅಷ್ಟೇ. ಮುಂದಿನ ಸಲ ಹೋದಾಗಲೂ ಅಲ್ಲೇ, ಅದರ ಮುಂದಿನ ಸಲವೂ ಅಲ್ಲೇ. ಅಪ್ಪ ಪೇಟೆಗೆ ಬಸ್ಸಲ್ಲೇ ಹೋಗುತ್ತಿದ್ದ, ಎರಡು ಕಿಲೋಮೀಟರ್ ಮಣ್ಣು ರಸ್ತೆ ನಡೆದು. ಸೀರೆ ಗಾರ್ಡ್ ಕೊಯ್ಸಿದ್ದಕ್ಕೆ, ಬಣ್ಣ ಬಳಿಸಿದ್ದಕ್ಕೆ ಅಪ್ಪನಿಗೆ ಸಿಟ್ಟು, ಅದಕ್ಕೇ ಮುಟ್ಟುತ್ತಿಲ್ಲ ಅಂತ ನಾನು ತೀರ್ಮಾನ ಮಾಡಿದೆ. ನನಗೂ ಸಿಟ್ಟು ಬಂತು. ಬಾಯಿಬಿಟ್ಟು ಬೈದರೆ ಏನಾಗುತ್ತೆ? ಹೀಗೆ ಗಾಡಿಯನ್ನು ತುಕ್ಕು ಹಿಡಿಸಿ ಮಗನಿಗೆ ಬುದ್ಧಿ ಕಲಿಸಬೇಕಾ? ಮೂರು ವರ್ಷ ಹೀಗೇ ನಡೆಯಿತು. ಫೋನಿನಲ್ಲಿ ಹವಾಮಾನ, ಅಡಿಕೆ ರೇಟು, ಊಟ ಆಯ್ತಾ. ಗಾಡಿಯ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಬೆಂಗಳೂರಲ್ಲಿ ಕೆಲಸ ಸಿಕ್ಕ ಮೇಲೆ ಕಂತಿನಲ್ಲಿ ಪಲ್ಸರ್ 150 ತಗೊಂಡೆ. ನನ್ನ ಹೆಸರಿನಲ್ಲಿ ಆರ್‌ಸಿ ಇದ್ದ ಮೊದಲ ಗಾಡಿ ಅದು, ಆದರೂ ಆ ಬ್ಯಾಂಕಿನ ಪ್ರಶ್ನೆಗೆ ಉತ್ತರವಾಗಿ ಅದು ನನ್ನ ತಲೆಗೇ ಬರಲಿಲ್ಲ ನೋಡಿ. ಪಾಪ, ಒಳ್ಳೆಯ ಗಾಡಿ. ಸ್ಪ್ಲೆಂಡರಿನಲ್ಲಿ ಪಳಗಿದ ಕಾಲಿಗೆ ಮೊದಲ ವಾರ ಗೇರೇ ಒಗ್ಗಲಿಲ್ಲ. ಇದರಲ್ಲಿ ಒಂದು ಕೆಳಗೆ, ಉಳಿದ ನಾಲ್ಕು ಮೇಲೆ. ಮೂರಕ್ಕೆ ಹಾಕ್ತೀನಿ ಅಂತ ಒಂದಕ್ಕೆ ತುಳಿದು ಸಿಲ್ಕ್ ಬೋರ್ಡಿನ ನಡುವೆ ಗಾಡಿ ಮುಗ್ಗರಿಸಿ, ಹಿಂದಿನ ಆಟೋದವರಿಂದ ಪೂರ್ತಿ ಅಷ್ಟೋತ್ತರ ಕೇಳಿಸಿಕೊಂಡಿದ್ದೇನೆ.

ಪಲ್ಸರಿನ ಒಂದು ಸವಾರಿ ಮಾತ್ರ ಮರೆಯಲ್ಲ. 2020ರ ಮಾರ್ಚ್ 21, ಶನಿವಾರ. ಆಫೀಸು ಮನೆಯಿಂದಲೇ ಕೆಲಸ ಮಾಡಿ ಅಂದಿತ್ತು. ಮಾರನೇ ದಿನ ಜನತಾ ಕರ್ಫ್ಯೂ. ಅದರಾಚೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಲ್ಯಾಪ್‌ಟಾಪ್, ನಾಲ್ಕು ಜೊತೆ ಬಟ್ಟೆ ಕಟ್ಟಿಕೊಂಡು ನಸುಕಿನಲ್ಲೇ ಹೊರಟೆ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ... ಬಿ.ಎಚ್. ರಸ್ತೆ ಅಷ್ಟು ಖಾಲಿ ಇದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ತಿಪಟೂರು ದಾಟಿ ತೆಂಗಿನ ತೋಟದ ಪಕ್ಕ ನಿಂತು ಡಬ್ಬಿಯಲ್ಲಿದ್ದ ಚಿತ್ರಾನ್ನ ತಿಂದೆ. ಮಧ್ಯಾಹ್ನ ಮನೆಗೆ ಬಂದಾಗ ಅಮ್ಮ ಅಂಗಳದಲ್ಲೇ ನಿಲ್ಲಿಸಿ ಬಿಸಿನೀರು, ಸೋಪು ಕೊಟ್ಟಳು. ಹದಿನೈದು ದಿನಕ್ಕೆ ಅಂತ ಹೋದವನು ವಾಪಸ್ ಬೆಂಗಳೂರಿಗೆ ಬಂದದ್ದು 2021ರ ಕೊನೆಗೆ.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡದ ತಲೆಗೆ ಹೋದರೆ ಎರಡು ಕಡ್ಡಿ ಬರುತ್ತೆ. ಅಲ್ಲಿಗೆ ಮಳೆಗಾಲದಲ್ಲಿ ಪಲ್ಸರ್ ಹತ್ತಿಸೋದು ಕಷ್ಟ, ಕೆಸರಿನಲ್ಲಿ ಕೂತುಬಿಡುತ್ತೆ. ಹಗುರದ ಗಾಡಿ ಬೇಕು ಅಂತ ಟಾರ್ಪಾಲು ಎತ್ತಿ ಸ್ಪ್ಲೆಂಡರ್ ನೋಡಿದೆ. ಎರಡು ವರ್ಷ ನಿಂತ ಗಾಡಿ, ಕಾರ್ಬುರೇಟರ್ ಕಟ್ಟಿಕೊಂಡಿರುತ್ತೆ ಅಂತ ಬಿಚ್ಚೋಕೆ ಸ್ಪ್ಯಾನರ್ ಹಿಡಿದೇ ಹೋಗಿದ್ದೆ. ಚೋಕ್ ಎಳೆದು ಸುಮ್ಮನೆ ಒದ್ದು ನೋಡಿದೆ. ಮೂರನೇ ಕಿಕ್ಕಿಗೆ ಸ್ಟಾರ್ಟ್! ಹೀರೋ ಹೋಂಡಾ ಅಂದರೆ ಹೀರೋ ಹೋಂಡಾನೇ ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ. ಆ ಎರಡು ಕಂಪನಿಗಳು ಬೇರೆಯಾಗಿ ಆಗಲೇ ಹತ್ತು ವರ್ಷ. ಟ್ಯಾಂಕಿನ ಮೇಲೆ ಮಾತ್ರ ಇನ್ನೂ ಒಟ್ಟಿಗಿದ್ದರು.

ಹೀಗೆ ಒಂದು ವರ್ಷಕ್ಕೂ ಮೇಲೆ ದಿನಾ ಬೆಳಿಗ್ಗೆ ಗುಡ್ಡ ಹತ್ತಿ, ಸ್ಪ್ಲೆಂಡರಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕೊಡೆ ಹಿಡಿದು ಮೀಟಿಂಗ್ ಮಾಡಿದೆ. ಉಂಬಳ ಕಾಲಿಗೆ ಹತ್ತಿದರೂ ಕ್ಯಾಮೆರಾ ಮುಂದೆ ನಗುಮುಖ.

2021ರ ಅಕ್ಟೋಬರಿಗೆ ಗಾಡಿಗೆ ಹದಿನೈದು ವರ್ಷ. ಆರ್‌ಸಿ ಮುಗಿಯುತ್ತೆ, ಆರ್‌ಟಿಓಗೆ ಗಾಡಿ ತೋರಿಸಿ ಪಾಸ್ ಮಾಡಿಸಿದರೆ ಮತ್ತೆ ಐದು ವರ್ಷ. ನಾನು ಅಪ್ಪನಿಗೆ, "ಇದನ್ನು ಗುಜರಿಗೆ ಹಾಕೋಣ, ನಿಂಗೆ ಗೇರಿಲ್ಲದ ಸ್ಕೂಟರ್ ಕೊಡಿಸ್ತೀನಿ" ಅಂದೆ. ಸ್ಕೂಟರನ್ನು ಜನ್ಮದಲ್ಲಿ ಗಾಡಿ ಅಂತ ಒಪ್ಪದ ಮನುಷ್ಯ, ಖಂಡಿತ ಜಗಳ ಮಾಡ್ತಾನೆ ಅಂತ ತಯಾರಾಗಿಯೇ ಕೇಳಿದ್ದು. ಅಪ್ಪ ಸ್ವಲ್ಪ ಹೊತ್ತು ಅಡಿಕೆ ಸುಲಿಯುತ್ತಲೇ ಇದ್ದು, "ಸ್ಕೂಟರ್ ಬೇಡ. ಇದನ್ನ ಗುಜರಿಗೂ ಹಾಕೋದು ಬೇಡ. ಪಾಸ್ ಮಾಡ್ಸು" ಅಂದ.

ಸಾಗರದ ನಮ್ಮ ಮೆಕ್ಯಾನಿಕ್ ಗಾಡಿ ನೋಡಿ ನಕ್ಕುಬಿಟ್ಟರು. "ಎಂತ ಮಾರಾಯ ಇದು? ಆರ್‌ಸಿಯಲ್ಲಿ ಕೆಂಪು ಅಂತ ಇದೆ, ಗಾಡಿ ಕಪ್ಪು. ಸೀರೆ ಗಾರ್ಡ್ ಎಲ್ಲಿ? ಹಿಂದೆ ಕೂತವರಿಗೆ ಹಿಡಿಕೆ ಎಲ್ಲಿ? ಹಿಂಗೆ ತಗೊಂಡು ಹೋದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ." ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಲೇಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123ರಲ್ಲಿದೆಯಂತೆ. ಆಮೇಲೆ ಹುಡುಕಿ ಓದಿದೆ, ಹೌದು ಇದೆ. ಅಂತೂ ನಾನು ಆ ಗಾಡಿಗೆ ಏನೇನು ಮಾಡಿದ್ದೆನೋ ಅದೆಲ್ಲವನ್ನೂ ಒಂದೊಂದಾಗಿ ರದ್ದು ಮಾಡಿದರೆ ಮಾತ್ರ ಪಾಸ್!

ಕಪ್ಪು ಬಣ್ಣ ಕೆರೆದು ಕೆಂಪು ಹೊಡೆಸಿದೆ. ಹಳೇ ಹ್ಯಾಂಡಲ್ ಅಟ್ಟದಲ್ಲಿ ಸಿಕ್ಕಿತು. ಸೀರೆ ಗಾರ್ಡ್ ತಂದು ಒಂದು ಸಂಜೆ ಅಂಗಳದಲ್ಲಿ ಕೂತು ನಾನೇ ಜೋಡಿಸುತ್ತಿದ್ದೆ. ಅಪ್ಪ ತೋಟಕ್ಕೆ ಹೋಗಿದ್ದ. ಅಮ್ಮ ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತಾ ನೋಡುತ್ತಿದ್ದಳು. ನಾನು ಬೋಲ್ಟ್ ಬಿಗಿ ಮಾಡುತ್ತಾ, "ಈ ಒಂದು ಕಂಬಿಗೆ ಅಪ್ಪ ಮೂರು ವರ್ಷ ಮುನಿಸು ಮಾಡ್ಕೊಂಡ" ಅಂದೆ.

"ಯಾವ ಮುನಿಸು?" ಅಂದಳು ಅಮ್ಮ.

ಆಮೇಲೆ ಹೇಳಿದಳು. 2015ರ ಬೇಸಿಗೆಯಲ್ಲಿ ಒಂದು ದಿನ ಅಪ್ಪ ಪೇಟೆಯಿಂದ ಗಾಡಿಯಲ್ಲಿ ಮನೆಗೆ ಬಂದು, ಜಗಲಿ ಹತ್ತುವಾಗ ನೋಡಿಕೊಂಡರೆ ಎಡಗಾಲಲ್ಲಿ ಚಪ್ಪಲಿ ಇಲ್ಲ. ದಾರಿಯಲ್ಲಿ ಎಲ್ಲೋ ಬಿದ್ದು ಹೋಗಿದೆ, ಬರಿಗಾಲಲ್ಲಿ ಗೇರು ಹಾಕುತ್ತಾ ಬಂದಿದ್ದಾನೆ, ಗೊತ್ತೇ ಆಗಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ಅದು ನನಗೂ ಗೊತ್ತಿತ್ತು. ಅದು ಕಾಲಿನ ನರಗಳಿಗೆ ಇಳಿದಿತ್ತು ಅನ್ನೋದು ಗೊತ್ತಿರಲಿಲ್ಲ. ಮೊದಲು ಬೆರಳ ತುದಿ ಮರಗಟ್ಟಿ, ಆಮೇಲೆ ಸಾಕ್ಸ್ ಹಾಕಿಕೊಂಡ ಹಾಗೆ ಮೇಲಕ್ಕೆ ಬರುತ್ತಂತೆ. ಗೇರು ಬಿತ್ತೋ ಇಲ್ಲವೋ ಅಂತ ಪ್ರತಿ ಸಲ ತಲೆ ಬಗ್ಗಿಸಿ ಕಾಲು ನೋಡಬೇಕಾಗುತ್ತಿತ್ತು. ಹಾಗೆ ನೋಡುತ್ತಿದ್ದಾಗಲೇ ಒಂದು ದಿನ ಎದುರಿಗೆ ಬಸ್ಸು ಬಂದು, ಹೇಗೋ ಉಳಿದ. ಅವತ್ತು ಬಂದು ಗಾಡಿ ನಿಲ್ಲಿಸಿದವನು ಮತ್ತೆ ರಸ್ತೆಗೆ ಇಳಿಸಲಿಲ್ಲ. ಒಂದು ತಿಂಗಳಿಗೆ ನನಗೆ ಸೀಟು ಸಿಕ್ಕಿತು.

"ಓದೋ ಹುಡುಗ, ಅವ್ನಿಗೆ ಹೇಳಬೇಡ ಅಂದ್ರು. ಹೇಳಿದ್ರೆ ಬೈಕ್ ಬೇಡ ಅಂತಿದ್ದೆ ನೀನು. ಖುಷಿಯಲ್ಲಿ ತಗೊಂಡು ಹೋಗ್ಲಿ ಅಂತ."

ನಾನು ಸ್ಪ್ಯಾನರ್ ಹಿಡಿದುಕೊಂಡು ಕೂತೇ ಇದ್ದೆ.

"ಮತ್ತೆ ಆ ಗಾಡಿ ತನ್ನಷ್ಟಕ್ಕೇ ಸ್ಟಾರ್ಟ್ ಆಯ್ತು ಅಂದ್ಕೊಂಡಿದ್ಯಾ? ನೀನು ಬಿಟ್ಟು ಹೋದಾಗಿಂದ ಪ್ರತಿ ಭಾನುವಾರ ಟಾರ್ಪಾಲ್ ತೆಗೆದು, ನಡು ಸ್ಟ್ಯಾಂಡ್ ಹಾಕಿ, ಹತ್ತು ನಿಮಿಷ ಓಡ್ಸಿ ಮುಚ್ಚಿಡ್ತಿದ್ರು."

ಸ್ಕೂಟರ್ ಯಾಕೆ ಬೇಡ ಅಂದ ಅಂತ ಆಗ ಅರ್ಥವಾಯಿತು. ಗೇರಿಲ್ಲದಿದ್ದರೂ ಅಷ್ಟೇ, ನಿಲ್ಲಿಸಿದಾಗ ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಅನ್ನೋದೇ ಗೊತ್ತಾಗಲ್ಲವಲ್ಲ.

ಅಪ್ಪ ತೋಟದಿಂದ ಬಂದಾಗ ನಾನು ಏನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಾರನೇ ವಾರ ಅವನನ್ನು ಶಿವಮೊಗ್ಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಈಗ ಮೆತ್ತನೆಯ ಅಟ್ಟೆಯ ಚಪ್ಪಲಿ ಬಂದಿದೆ, ರಾತ್ರಿ ಮಲಗುವ ಮೊದಲು ಅಮ್ಮ ಟಾರ್ಚ್ ಹಾಕಿ ಅಂಗಾಲಲ್ಲಿ ಗಾಯ ಇದೆಯಾ ಅಂತ ನೋಡುತ್ತಾಳೆ. ಸ್ಪ್ಲೆಂಡರ್ ಪಾಸಾಯಿತು. ಆರ್‌ಟಿಓದಿಂದ ಬರುವಾಗ ಅಮ್ಮನನ್ನು ಪೇಟೆಯಿಂದ ಹತ್ತಿಸಿಕೊಂಡೆ. ಆರು ವರ್ಷದ ಮೇಲೆ ಒಂದೇ ಕಡೆ ಕಾಲು ಹಾಕಿ, ತಟ್ಟೆಯ ಮೇಲೆ ಕಾಲಿಟ್ಟು, ಕೈಚೀಲ ತೊಡೆ ಮೇಲಿಟ್ಟುಕೊಂಡು ಕೂತಳು.

2022ರಲ್ಲಿ ಪಲ್ಸರ್ ಕೊಟ್ಟು ಹಿಮಾಲಯನ್ 411 ತಗೊಂಡೆ. ಈಗ ಬೆಂಗಳೂರಲ್ಲಿ ನನ್ನ ಹತ್ತಿರ ಇರೋದು ಅದೇ. ಹೆಚ್ಚು ಓಡಲ್ಲ, ಆದರೆ ದಣಿಯಲ್ಲ. ಹುಲಿಕಲ್ ಘಾಟಿಯಲ್ಲಿ ಮಳೆಯಲ್ಲಿ ಇಳಿಯುವಾಗ ಅದರ ಮೇಲೆ ಕೂತರೆ ಆನೆ ಮೇಲೆ ಕೂತಷ್ಟು ಧೈರ್ಯ. ಕಂಪನಿಯವರು ಆ ಎಂಜಿನ್ ನಿಲ್ಲಿಸಿ 2023ರ ಕೊನೆಗೆ 450 ತಂದರು. ನೋಡಿ ಬಂದೆ, ನನಗೆ ಹಳೆಯದೇ ಸಾಕು. ಇನ್ನೂರು ಕಿಲೋ ಹತ್ತಿರದ ಆ ಗಾಡಿಯನ್ನು ಊರಿಗೆ ತಗೊಂಡು ಹೋದಾಗ ಅಪ್ಪ ಸುತ್ತು ಹಾಕಿ ನೋಡಿ, "ಯೆಜ್ಡಿಗಿಂತ ದೊಡ್ಡದು" ಅಂದ. ಅದು ಮೆಚ್ಚುಗೆಯೋ ದೂರೋ ಗೊತ್ತಾಗಲಿಲ್ಲ. ಸೀಟು ಎತ್ತರ, ಅಪ್ಪನಿಗೆ ಕಾಲೆತ್ತಿ ಹಾಕೋಕೆ ಆಗಲ್ಲ. ಹಾಗಾಗಿ ಊರಲ್ಲಿ ಅಪ್ಪನನ್ನು ಎಲ್ಲಿಗೆ ಕರೆದುಕೊಂಡು ಹೋಗೋದಿದ್ದರೂ ಸ್ಪ್ಲೆಂಡರೇ.

2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ಉದ್ಘಾಟನೆಯಾಯಿತು. ಮಳೆ ಕಡಿಮೆಯಾದ ಮೇಲೆ ಅಪ್ಪನೇ ಕೇಳಿದ, ನೋಡ್ಕೊಂಡು ಬರೋಣ್ವಾ ಅಂತ. ಅಪ್ಪನಾಗಿ ಏನನ್ನಾದರೂ ಕೇಳುವುದೇ ಅಪರೂಪ. ಶರಾವತಿಯ ಆ ಹಿನ್ನೀರನ್ನು ನಾವು ಯಾವಾಗಲೂ ದಾಟಿದ್ದು ಲಾಂಚಿನಲ್ಲಿ. ಬಸ್ಸು, ಜೀಪು, ಬೈಕು, ಜನ ಎಲ್ಲ ಒಟ್ಟಿಗೆ. ಯೆಜ್ಡಿಯನ್ನೂ ಅದರಲ್ಲಿ ಹತ್ತಿಸಿದ್ದು ನೆನಪಿದೆ. ಅಪ್ಪ ಒಂದು ಕೈಯಲ್ಲಿ ಗಾಡಿ, ಇನ್ನೊಂದು ಕೈಯಲ್ಲಿ ನನ್ನ ಕಾಲರ್ ಹಿಡಿದುಕೊಂಡಿದ್ದ.

ಈಗ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಕೆಂಪು ಸ್ಪ್ಲೆಂಡರಿನಲ್ಲಿ ಹತ್ತಿದೆವು. ಎರಡೂ ಕಡೆ ನೀರು, ಗಾಳಿ ಎಷ್ಟು ಜೋರು ಅಂದರೆ ಅಪ್ಪ ನನ್ನ ಹೆಗಲು ಹಿಡಿದುಕೊಂಡ. ನಾನು ನೀರು ನೋಡುತ್ತಾ ಮೂರರಲ್ಲೇ ಓಡಿಸುತ್ತಿದ್ದೆ. ಎಂಜಿನ್ ಸ್ವಲ್ಪ ಅರಚಿತೋ ಏನೋ, ಹಿಂದಿನಿಂದ ಅಪ್ಪನ ಎಡ ಮಂಡಿ ಸಣ್ಣಗೆ ಅಲುಗಿದ್ದು ನನ್ನ ಸೊಂಟಕ್ಕೆ ತಾಗಿತು.

"ನಾಕಕ್ಕೆ ಹಾಕು" ಅಂದ.

ಹಾಕಿದೆ.